ಕರಬೂಜದಡಿಯ ಹಿಮದೋಲೆ

ಈ ಸಲ ಮೊದಲ ಹಿಮ ಬಿದ್ದ ದಿನ ಷಡ್ಡಕ ನಾರ್ಮತನ ಸೊಕ್ಕು ಮುರಿಯದಿದ್ದರೆ ತನ್ನ ಹೆಸರು ಹಾಶಿಮ್‌ಜಾನ್ ಅಲ್ಲವೇ ಅಲ್ಲ ಎಂದು ಹಾಶಿಮ್‌ಜಾನ್ ಚಹಾಖಾನೆಯ ನಟ್ಟನಡುವೆ ನಿಂತು ಘೋಷಿಸಿಬಿಟ್ಟ! ಘೋಷಿಸಿದ್ದು ಸಾಲದೆಂದು ಮೀಸೆಯನ್ನೂ ತಿರುವಿದ. ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಸುಬಿನವನಾದ್ದರಿಂದ ಬೆರಳಿನ ನೀಲಿ ಮೀಸೆಗೂ ಹತ್ತಿಕೊಂಡಿತು. ಇಡೀ ಮಾರ್ಗಿಲಾನ್ ಪಟ್ಟಣದಲ್ಲಿ ನೀಲಿ ಮೀಸೆಯ ವೀರ ಅವನೊಬ್ಬನೇ.

ವೀರನಿಗೆ ಸಿಟ್ಟು ಬರಲು ಕಾರಣವಿತ್ತು. ಆ ಊರಿನಲ್ಲಿ ಎಲೆ ಉದುರಿ ಮುಗಿಯುವ ಹೊತ್ತಿಗೆ ಬೀಳುವ ಮೊದಲ ಹಿಮವೆಂದರೆ ನೆಂಟರ ನಡುವಿನ ಯುದ್ಧಕ್ಕೆ ಕಹಳೆ. ಋತುವಿನ ಮೇಲೆ ಪದ್ಯ ಕಟ್ಟಿ, ಕೊನೆಯಲ್ಲಿ ಇಂಥ ಊಟ ಹಾಕಿ ಎಂದು ಕೇಳಿ, ಆ ಓಲೆಯನ್ನು ನೆಂಟರ ಮನೆಗೆ ಗೊತ್ತಾಗದಂತೆ ಸಾಗಿಸಬೇಕು. ಓಲೆಯನ್ನು ಯಾರು ಬಿಚ್ಚುತ್ತಾರೋ ಅವರೇ ಔತಣ ಹಾಕಬೇಕು. ತಂದವನು ಸಿಕ್ಕಿಬಿದ್ದರೆ ಅವನ ಮುಖಕ್ಕೆ ಮಸಿ. ನಾರ್ಮತ್ ಇದರಲ್ಲಿ ಎತ್ತಿದ ಕೈ. ಹೋದ ವರ್ಷ ಹಲ್ಲುನೋವೆಂದು ನರಳುತ್ತ ಬಂದಿದ್ದ. ಕೆನ್ನೆಗೆ ಸುತ್ತಿದ್ದ ಬಟ್ಟೆಯನ್ನು ಸ್ವಲ್ಪ ಸಡಿಲಿಸಿ ಎಂದು ಹಾಶಿಮ್‌ಜಾನನ ಕೈಯಿಂದಲೇ ಬಿಚ್ಚಿಸಿದ. ಬಟ್ಟೆಯೊಳಗಿಂದ ಬಿದ್ದದ್ದು ಹಲ್ಲಲ್ಲ, ಓಲೆ!

ವರ್ಷ ವರ್ಷ ಸೋತು ಸೋತು ಹಾಶಿಮ್‌ಜಾನನ ಕೋಳಿಗೂಡು ಬರಿದಾಗಿತ್ತು. ಉಳಿದವನು ಪಹಲ್ವಾನ್ ಒಬ್ಬ. ಪಹಲ್ವಾನ್ ಎಂದರೆ ಹಿತ್ತಲಿನ ದಪ್ಪಬಾಲದ ಟಗರು. ಮರಿಯಾಗಿದ್ದಾಗ ಎದೆಗವಚಿಕೊಂಡು ಬೆಳೆಸಿದ್ದ. ಊಟವಾದ ಮೇಲೆ ರೊಟ್ಟಿಯ ಕೊನೆಯ ತುಣುಕು ಅದಕ್ಕೇ ಮೀಸಲು. ಅಂಥ ಪಹಲ್ವಾನನ ಬಾಲದ ಕೊಬ್ಬು ಇಷ್ಟಿದೆ ಎಂದು ಚಹಾಖಾನೆಯಲ್ಲಿ ಕೈ ಅಗಲಿಸಿ ತೋರಿಸಿ, ಈ ವರ್ಷದ ಪಲಾವಿಗೆ ಅಷ್ಟು ಸಾಕು ಎಂದಿದ್ದ ನಾರ್ಮತ್. ಹಾಶಿಮ್‌ಜಾನನ ಘೋಷಣೆ ಹೊರಬಿದ್ದದ್ದು ಆಗಲೇ.

ಮನೆಗೆ ಬಂದವನೇ ಕವಿಯಾದ. ಬಣ್ಣದ ಕೊಳಗಗಳು ಒಲೆಯ ಮೇಲೆ ಕುದಿಯುತ್ತಿದ್ದರೂ ಕವಿಗೆ ಪರಿವೆಯಿಲ್ಲ. ಕೆಂಪಿಗೆ ಅದ್ದಬೇಕಾದ ನೂಲು ಹಸಿರಿಗೆ ಬಿತ್ತು, ಹಸಿರಿನದು ಎಲ್ಲಿಗೆ ಬಿತ್ತೋ ದೇವರೇ ಬಲ್ಲ. ಕೊನೆಗೂ ನಾಲ್ಕು ಸಾಲು ಹುಟ್ಟಿದವು. ಹೆಂಡತಿ ಶರಾಫತ್ ಕುಂಬಳಕಾಯಿ ಹೆಚ್ಚುತ್ತ ಕೇಳಿಸಿಕೊಂಡಳು.

"ಕೊನೇಲಿ ಟಗರು ಕೇಳಿದ್ದೀರಲ್ಲ, ನಮ್ಮ ತಂಗಿ ಮನೇಲಿ ಟಗರೆಲ್ಲಿದೆ?"

"ಇಲ್ಲದಿದ್ರೆ ಸಂತೇಲಿ ಕೊಂಡು ತರಲಿ. ನನ್ನ ಹೊಟ್ಟೆ ಉರಿಸಿದ್ದು ಕಡಿಮೇನಾ?"

"ಟಗರಿರೋ ಮನೆ ನಮ್ಮದು ಕಣ್ರೀ. ಯಾವುದಕ್ಕೂ ಕೋಳಿ ಅಂತ ಬರೀರಿ."

"ಕೋಳಿಗೆ ಪ್ರಾಸ ಕೂಡಲ್ಲ," ಎಂದ ಕವಿ. ಅಲ್ಲಿಗೆ ಚರ್ಚೆ ಮುಗಿಯಿತು.

ಹಿಮವೂ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಅಂಗಳದ ಹಿಪ್ಪುನೇರಳೆಯ ಕೊನೆಯ ಎಲೆಗಳ ಮೇಲೆ ಬಿಳಿ ಪುಡಿ ಉದುರುತ್ತಿದೆ! ಹಾಶಿಮ್‌ಜಾನ್ ಚಳಿಗಾಲಕ್ಕೆಂದು ತೂಗುಹಾಕಿದ್ದ ಕರಬೂಜಗಳಲ್ಲಿ ಅತಿ ಚೆಂದದ್ದನ್ನು ಇಳಿಸಿದ. ಓಲೆಯನ್ನು ಸಣ್ಣಗೆ ಸುರುಳಿ ಸುತ್ತಿ, ಹಣ್ಣಿನ ಸುತ್ತ ಹೆಣೆದ ಜೊಂಡಿನ ನೆಲುವಿನ ತಳದಲ್ಲಿ ಸಿಕ್ಕಿಸಿ, ನಾರ್ಮತನ ಮನೆಗೆ ಹೊರಟ.

ಹಿಮ ಬಿದ್ದ ದಿನ ಬಂದ ಷಡ್ಡಕನನ್ನು ನಾರ್ಮತ್ ಸುಮ್ಮನೆ ಒಳಗೆ ಬಿಡುತ್ತಾನೆಯೇ? ಟೋಪಿ ತೆಗೆಸಿದ. ಷೂ ಬಿಚ್ಚಿಸಿ ಕೊಡವಿದ. ಜೇಬುಗಳನ್ನು ಹೊರಗೆಳೆದ. ಬಾಯಿ ಆ ಎನ್ನಿಸಿ ನಾಲಗೆಯ ಅಡಿಯನ್ನೂ ನೋಡಿದ. ಕರಬೂಜವನ್ನು ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿ, ಭೇಷ್ ಎಂದು ಒಳಗಿಟ್ಟ. ಹಾಶಿಮ್‌ಜಾನ್ ಗಂಭೀರವಾಗಿ ಬೀಳ್ಕೊಂಡು, ಬೀದಿಯ ತಿರುವು ದಾಟಿದ ಮೇಲೆ ಕುಣಿದುಬಿಟ್ಟ. ಆಮೇಲೆ ಚಹಾಖಾನೆಯಲ್ಲಿ ಕೂತು, ಒಂದು ಕೆಟಲ್ ಹಸಿರು ಚಹಾವನ್ನು ವಿಜಯೋತ್ಸವವೆಂದು ನಿಧಾನವಾಗಿ ಕುಡಿದು, ಫೋನು ಮಾಡಿದ.

"ನಾರ್ಮತ್, ಕರಬೂಜದ ತಳದಲ್ಲಿ ಏನಿದೆ, ಸ್ವಲ್ಪ ಬಿಚ್ಚಿ ನೋಡಪ್ಪ. ಹಲ್ಲುನೋವಿದ್ರೆ ಹೋಗುತ್ತೆ."

ಆಚೆ ಕಡೆಯಿಂದ ನಾರ್ಮತ್ ನಿಧಾನವಾಗಿ ಅಂದ: "ಯಾವ ಕರಬೂಜ ಭಾವ? ಅದನ್ನ ಆಗಲೇ ನನ್ನ ಹೆಂಡ್ತಿ ಪಕ್ಕದ ಮನೆಗೆ ತಗೊಂಡು ಹೋದಳಲ್ಲ. ಅವರ ಮಗೂನ ತೊಟ್ಟಿಲಿಗೆ ಹಾಕ್ತಿದ್ದಾರೆ, ಬರಿಗೈಲಿ ಹೋಗೋಕಾಗುತ್ತಾ?"

ಬರಿಗೈಲಿ ಯಾರ ಮನೆಗೂ ಹೋಗಬಾರದೆಂಬ ಹಿರಿಯರ ಪದ್ಧತಿಯನ್ನು ಕವಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಚೆಂದದ ಕರಬೂಜವನ್ನು ಮಾರ್ಗಿಲಾನಿನಲ್ಲಿ ಯಾರೂ ಕೊಯ್ಯುವುದಿಲ್ಲ, ಇನ್ನೊಬ್ಬರ ಮನೆಗೆ ಒಯ್ಯುತ್ತಾರೆ! ಬಿದ್ದೆನೋ ಎದ್ದೆನೋ ಎಂದು ಹಿಮದಲ್ಲಿ ಜಾರುತ್ತ ತೊಟ್ಟಿಲ ಮನೆಗೆ ಓಡಿದ. ತಮಾಷೆ ತಪ್ಪಿಸಿಕೊಳ್ಳಬಾರದೆಂದು ನಾರ್ಮತನೂ ಹಿಂದೆಯೇ ಓಡಿದ. ಮಗುವನ್ನು ಹರಸಲು ಬಂದಿದ್ದ ಅಂಜಿರತ್ ದೊಡ್ಡಮ್ಮನಿಗೆ ತೊಟ್ಟಿಲ ಮನೆಯವರು ಆ ಹಣ್ಣನ್ನು ಕೊಟ್ಟು ಕಳಿಸಿದ್ದರು.

ಅಂಜಿರತ್ ದೊಡ್ಡಮ್ಮ ಎಂದರೆ ಶರಾಫತಳ ತಾಯಿಯ ಅಕ್ಕ, ಇಡೀ ವಂಶಕ್ಕೆ ಹಿರಿಯಳು. ಆಕೆಯ ಮಾತೇ ಆ ಕುಟುಂಬದ ಕೋರ್ಟು. ಅಂಥವರು ನೆಲುವು ಬಿಚ್ಚಿ, ಓಲೆ ಓದಿ, ಔತಣಕ್ಕೆ ಟಗರು ಹುಡುಕಿಕೊಂಡು ಅವನ ಹಿತ್ತಲಿಗೇ ಹೊರಟರೆ? ಆಕೆಯ ಮನೆಗೆ ಹೋದರೆ ಬಾಗಿಲಿಗೆ ಬೀಗ. ಎದುರುಮನೆಯ ಹೆಂಗಸು ಹೇಳಿದಳು: "ಹಿಮ ಬಿದ್ದಿದೆ, ಶರಾಫತಳನ್ನ ಮಾತಾಡಿಸ್ಕೊಂಡು ಬರ್ತೀನಿ ಅಂತ ಹೋದ್ರು. ಕೈಲೊಂದು ಕರಬೂಜ ಇತ್ತು."

ಮನೆಯಲ್ಲಿ ದೊಡ್ಡಮ್ಮ ಅಡಿಯಲ್ಲಿ ಕೆಂಡವಿಟ್ಟು ಕಂಬಳಿ ಹೊದಿಸಿದ ಮೇಜಿನ ಕೆಳಗೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದರು. ಹಣ್ಣು ಎಲ್ಲಿ ಎಂದು ಹಾಶಿಮ್‌ಜಾನ್ ಏದುಸಿರು ಬಿಡುತ್ತ ಕೇಳಿದ. ನೋಡಿದ ಹಾಗಿತ್ತು, ಉಳಿದವುಗಳ ಜೊತೆ ತೂಗುಹಾಕಲೆಂದು ಹಿತ್ತಲ ಕೊಟ್ಟಿಗೆಯಲ್ಲಿಟ್ಟೆ ಎಂದಳು ಶರಾಫತ್.

ಎಲ್ಲರೂ ಕೊಟ್ಟಿಗೆಗೆ ನುಗ್ಗಿದರು. ಪಹಲ್ವಾನ್ ಜೊಂಡಿನ ನೆಲುವನ್ನೆಲ್ಲ ಬಿಚ್ಚಿಹಾಕಿ, ಅರ್ಧ ಹಣ್ಣು ಮುಗಿಸಿ, ನಿಶ್ಚಿಂತೆಯಿಂದ ಏನನ್ನೋ ಅಗಿಯುತ್ತ ನಿಂತಿದ್ದ. ತುಟಿಯಂಚಿನಲ್ಲಿ ಕಾಗದದ ಚೂರೊಂದು ಕಂಡಿತು. ನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು.

ಹಾಶಿಮ್‌ಜಾನನಿಗೆ ಹೋದ ಜೀವ ಬಂದಂತಾಯಿತು. ಓಲೆಯೇ ಇಲ್ಲ! ಓಲೆಯಿಲ್ಲದ ಮೇಲೆ ಯಾರ ಔತಣ, ಯಾವ ಟಗರು? ಬಾಯಿ ಮುಚ್ಚಿಕೊಂಡು ನಿಂತರೆ ಪಹಲ್ವಾನನ ಪ್ರಾಣವೂ ಉಳಿಯಿತು, ಮಾನವೂ ಉಳಿಯಿತು. ಅವನೂ ನಿಂತ. ನಿಂತೇ ಇರುತ್ತಿದ್ದ. ಅಷ್ಟರಲ್ಲಿ ನಾರ್ಮತ್ ಟಗರಿನ ಬೆನ್ನು ಸವರುತ್ತ ಅಂದ:

"ಹೋಗ್ಲಿ ಬಿಡಿ ಭಾವ. ಹೇಳಿಕೊಳ್ಳೋ ಅಂಥ ಪದ್ಯವೇನೂ ಆಗಿರಲಿಕ್ಕಿಲ್ಲ."

ಶರಾಫತ್ ಗಂಡನ ತೋಳು ಚಿವುಟಿದಳು. ಕಾಲು ತುಳಿದಳು. ಕವಿಯಾದವನಿಗೆ ಚಿವುಟಿದರೆ ತಿಳಿಯುತ್ತದೆಯೇ? ಅವನು ಎದೆ ಸೆಟೆಸಿ, ನೀಲಿ ಮೀಸೆ ನೀವಿ, ರಾಗವಾಗಿ ಹೇಳಿಯೇಬಿಟ್ಟ:

ಹಳದಿಯಾದ ಹಿಪ್ಪುನೇರಳೆ ಎಲೆಯನೆಲ್ಲ ಕೊಡವಿತು,
ಹೊಲದ ಕೊನೆಯ ಬಿಳಿಯ ಹತ್ತಿ ಮೂಟೆಯೊಳಗೆ ಅಡಗಿತು;
ಮೋಡ ನಮಗೆ ಹಿಮವ ತಂತು, ನಾವು ನಿಮಗೆ ಓಲೆಯ,
ಬಿಚ್ಚಿದವರ ಮನೆಯ ಟಗರು ಏರಲಿಂದೇ ಒಲೆಯ!

ಕೊನೆಯ ಪದ ಬಾಯಿಂದ ಬಿದ್ದ ಮೇಲೆ ಅವನಿಗೆ ಅದರ ಅರ್ಥವಾಯಿತು: ಓಲೆ ಬಿಚ್ಚಿಕೊಂಡದ್ದು ತನ್ನದೇ ಮನೆಯಲ್ಲಿ! ನಾರ್ಮತ್ ಆಗಲೇ ಚೂರಿ ಎಲ್ಲಿದೆ ಎಂದು ಗೋಡೆಯತ್ತ ನೋಡುತ್ತಿದ್ದ. ಹಾಶಿಮ್‌ಜಾನ್ ಓಡಿಹೋಗಿ ಪಹಲ್ವಾನನ ಕುತ್ತಿಗೆ ತಬ್ಬಿಕೊಂಡ. ಕಣ್ಣಲ್ಲಿ ನೀರು ಬಂತು. ಕೊಯ್ಯುವುದಿದ್ದರೆ ನನ್ನನ್ನೇ ಕೊಯ್ಯಿರಿ ಎಂದ. ನಿಮ್ಮಲ್ಲಿ ಕೊಬ್ಬಿಲ್ಲವಲ್ಲ ಭಾವ ಎಂದ ನಾರ್ಮತ್.

ಅಂಜಿರತ್ ದೊಡ್ಡಮ್ಮ ಕೋಲು ಕುಟ್ಟಿದರು. "ಸುಮ್ನಿರಿ ಇಬ್ರೂ. ಓಲೆ ಬಿಚ್ಚಿದ್ದು ಯಾರು?"

"ಪಹಲ್ವಾನ್," ಎಂದಳು ಶರಾಫತ್, ಎಲ್ಲರಿಗಿಂತ ಮುಂಚೆ.

"ಹಾಗಾದ್ರೆ ಇವತ್ತು ಊಟ ಹಾಕೋ ಯಜಮಾನ ಅವನೇ. ಕರೆದ ಯಜಮಾನನನ್ನೇ ಕೊಯ್ದು ತಿನ್ನೋ ನೆಂಟರು ನಮ್ಮ ವಂಶದಲ್ಲಿಲ್ಲ. ಆ ಯಜಮಾನನ ಹತ್ರ ಬೇರೆ ಟಗರಿಲ್ಲ, ಒಬ್ಬ ಆಳಿದ್ದಾನೆ." ಅವರ ಕಣ್ಣು ಹಾಶಿಮ್‌ಜಾನನ ಮೇಲೆ ನಿಂತಿತು. "ಆಳು ಅಡಿಗೆ ಮಾಡಲಿ. ಓಲೆ ಹೊತ್ತು ಸಿಕ್ಕಿಬಿದ್ದವನೂ ಅವನೇ. ಮಸಿ ಬಳೀರಿ."

ತೀರ್ಪಿಗೆ ಮೇಲ್ಮನವಿಯಿರಲಿಲ್ಲ. ಸಂಜೆ ಬಂಧುಬಳಗವೆಲ್ಲ ಸೇರಿತು. ಪಡಸಾಲೆಯ ಮೇಲ್ಗಡೆ, ಹಿರಿಯರು ಕೂರುವ ಜಾಗದಲ್ಲಿ, ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತಿಕೊಂಡು ಪಹಲ್ವಾನ್ ವಿರಾಜಮಾನನಾಗಿದ್ದ. ಬಂದವರೆಲ್ಲ ಅವನಿಗೆ ಎದೆ ಮುಟ್ಟಿ ನಮಸ್ಕರಿಸಿ, ಅನ್ನದಾತನ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಕೂತರು. ಕರಿ ಮುಖದ, ನೀಲಿ ಮೀಸೆಯ ಆಳು ಕುಂಬಳಕಾಯಿ ಪಲಾವಿನ ದೊಡ್ಡ ತಟ್ಟೆ ಹೊತ್ತು ಬೆವರುತ್ತ ಬಡಿಸಿದ. ನಾರ್ಮತ್ ಎರಡನೇ ಸಲ, ಮೂರನೇ ಸಲ ತಟ್ಟೆ ಚಾಚಿದ. ಉಪ್ಪು ಸಾಲದು ಎಂದು ಯಜಮಾನನಿಗೆ ದೂರನ್ನೂ ಕೊಟ್ಟ.

ಹಾಶಿಮ್‌ಜಾನ್ ಕೊನೆಗೆ ಸುಸ್ತಾಗಿ ಪಹಲ್ವಾನನ ಪಕ್ಕದಲ್ಲೇ, ಆದರೆ ಒಂದು ಮೆಟ್ಟಿಲು ಕೆಳಗೆ ಕೂತ. ಪದ್ಯ ಚೆನ್ನಾಗಿತ್ತೆಂದು ಇಡೀ ಬಳಗದಲ್ಲಿ ಒಬ್ಬರೂ ಅನ್ನಲಿಲ್ಲವಲ್ಲ ಎಂದು ಹೆಂಡತಿಯ ಹತ್ತಿರ ಗೊಣಗಿದ. ಶರಾಫತ್ ತಲೆವಸ್ತ್ರದ ತುದಿಯಿಂದ ಅವನ ಮೂಗಿನ ಮೇಲಿನ ಮಸಿ ಒರೆಸಿದಳು. ಮೇಲೆ ಕೂತಿದ್ದ ಯಜಮಾನ ಆಗ ತೃಪ್ತಿಯಿಂದ ತೇಗಿದ.

"ಕೇಳಿದ್ರಾ?" ಎಂದಳು ಅವಳು. "ಇಷ್ಟು ವರ್ಷದಲ್ಲಿ ನಿಮ್ಮ ಪದ್ಯ ಅರಗಿಸಿಕೊಂಡವನು ಅವನೊಬ್ಬನೇ."