ಒದ್ದೆ ಬಟ್ಟೆಯ ಮದುಮಗ

ನಮ್ಮ ದರ್ಜಿಯ ಕತ್ತರಿ ಎಷ್ಟು ಹರಿತವೆಂದರೆ, ಅದು ಬಾಯಿ ತೆರೆದರೆ ಸಾಕು, ಎದುರು ಬೀದಿಯವರ ಅಂಗಿಯ ಗುಂಡಿಗಳು ಹೆದರಿ ತಾವಾಗಿಯೇ ಉದುರುತ್ತಿದ್ದವು. ಅಂಥ ಕತ್ತರಿಯಿಂದ ನಿನ್ನೆ ಅವನು ಯಾವುದೋ ಹಳೇ ಪತ್ರಿಕೆಯ ಪಿನ್ನು ಕಿತ್ತು, ಕಾಲರಿನ ಅಚ್ಚಿಗೆಂದು ಹಾಳೆಗಳ ಕೆಳ ಅಂಚನ್ನೆಲ್ಲ ಕತ್ತರಿಸಿದ್ದ. ಅಂಚಿನ ಜೊತೆ ಪುಟಸಂಖ್ಯೆಯೂ ಹೋಗಿತ್ತು. ಅದು ಅತ್ತೆಯ ಪ್ರಾಣದಂಥ ಪತ್ರಿಕೆ ಎಂದು ತಿಳಿದದ್ದು ಇವತ್ತು.

ಅತ್ತೆಯ ಕಣ್ಣಿನ ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ ಬಿದ್ದಿತ್ತು. ಹೆಂಡತಿ ಕೆಲಸಕ್ಕೆ ಹೊರಡುತ್ತ ಎಚ್ಚರಿಸಿದ್ದಳು: "ಸಂಜೆ ಪಟ್ಟಿ ಬಿಚ್ತಾರೆ. ಅಲ್ಲೀತನಕ ಅಮ್ಮನ ಕಣ್ಣಲ್ಲಿ ಒಂದು ಹನಿ ನೀರು ಬರಬಾರದು. ಬಂತೋ, ನಿಮ್ಮ ಕಣ್ಣಲ್ಲಿ ನಾನು ಬರಿಸ್ತೀನಿ!"

ಅವಳು ಬೀದಿ ದಾಟಿದ್ದೇ ತಡ, "ಅಳಿಯಂದಿರೇ, ನನ್ನ ಪತ್ರಿಕೇಲಿರೋ ಅಂಬಿಗನ ಕತೆ ಓದಿ ಹೇಳಿ," ಎಂದರು ಅತ್ತೆ.

ದರ್ಜಿ ಹಾಳೆ ಹಿಡಿದು ಕೂತನೋ ಇಲ್ಲವೋ, ಫ್ಯಾನು ಬೀಸಿ ಎಲ್ಲವೂ ಹಾರಿದವು. ಒಂದು ಅತ್ತೆಯ ಮಡಿಲಿಗೂ ಬಿತ್ತು. ಅವರು ಸವರಿ ನೋಡಿ ಕೊಟ್ಟರು. ಅದನ್ನೇ ಓದಿದ: ಅಂಬಿಗ ನಡುಹೊಳೆಯಲ್ಲಿ ಮುಳುಗಿಹೋದ. ಅತ್ತೆಯ ತುಟಿ ನಡುಗಿತು. ದರ್ಜಿಯ ಜೀವ ಸೂಜಿಯ ಕಣ್ಣಲ್ಲಿ ಸಿಕ್ಕಿಕೊಂಡಿತು. ಗಾಬರಿಯಲ್ಲಿ ಇನ್ನೊಂದು ಹಾಳೆ ಎತ್ತಿದ: ಅಂಬಿಗನ ಮದುವೆ ಭರ್ಜರಿಯಾಗಿ ನಡೆಯಿತು.

"ತಡೀರಿ. ಮುಳುಗಿದೋನು ಮದುವೆಗೆ ಹೇಗೆ ಬಂದ?"

"ಈಜಿಕೊಂಡು ಬಂದ, ಅತ್ತೆ."

"ಒದ್ದೆ ಬಟ್ಟೇಲಿ?"

"ದಡದಲ್ಲೇ ಒಬ್ಬ ದರ್ಜಿ ಇದ್ದ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೊಸ ಅಂಗಿ ಹೊಲಿದುಕೊಟ್ಟ!"

"ಇದು ಶುದ್ಧ ಸುಳ್ಳು. ನನ್ನ ದಿಂಬಿನ ಚೀಲಕ್ಕೇ ನೀವು ಒಂದು ವರ್ಷ ತಗೊಂಡ್ರಿ."

ಗಲಾಟೆ ಕೇಳಿ ಎದುರಂಗಡಿಯ ಗಡಿಯಾರ ರಿಪೇರಿಯವನೂ ಮೇಲ್ಮಹಡಿಯ ಮೇಷ್ಟ್ರೂ ನುಗ್ಗಿ, ಕೈಗೊಂದು ಹಾಳೆ ಕಿತ್ತುಕೊಂಡರು.

"ಮೊದಲು ಜಗಳದ ಹಾಳೆ!" ಎಂದರು ಮೇಷ್ಟ್ರು.

"ಮದುವೆ ಆಗದೆ ಗಂಡ ಹೆಂಡತಿ ಜಗಳ ಹೇಗ್ರೀ ಆಗುತ್ತೆ?" ಎಂದ ಗಡಿಯಾರದವನು.

ಮೂವರೂ ಸೇರಿ ಹೊಲಿದ ಕತೆಯಲ್ಲಿ ಅಂಬಿಗ ಮುಳುಗಿದ, ಮದುವೆಯಾದ, ಹೆಂಡತಿಯ ಹತ್ತಿರ ಬೈಸಿಕೊಂಡ, ಕಟ್ಟಕಡೆಗೆ ಹುಟ್ಟಿದ. "ಗಂಡು ಮಗು! ತಾಯಿ ಮಗು ಇಬ್ಬರೂ ಕ್ಷೇಮ!" ಎಂದು ದರ್ಜಿ ಬೆವರೊರೆಸಿಕೊಂಡ.

ಅತ್ತೆ ನಕ್ಕರು. ಎಂಥ ನಗು! ಎದುರಂಗಡಿಯಲ್ಲಿ ಕೆಟ್ಟು ನಿಂತಿದ್ದ ಗಡಿಯಾರಗಳೆಲ್ಲ ಒಟ್ಟಿಗೆ ಓಡತೊಡಗಿದವು. ನಕ್ಕು ನಕ್ಕು ಕಣ್ಣಿನ ಪಟ್ಟಿ ತೊಯ್ದು ತೊಪ್ಪೆಯಾಯಿತು. ಸಂಜೆಯಾದದ್ದೂ ಯಾರಿಗೂ ತಿಳಿದಿರಲಿಲ್ಲ; ಅದೇ ಹೊತ್ತಿಗೆ ಬಾಗಿಲಲ್ಲಿ ಹೆಂಡತಿ.

"ಅಮ್ಮನ್ನ ಅಳಿಸಿದ್ದು ಯಾರು?"

"ಅಳಿಸೋನು ತಾನೇ ಅಳಿಯ!" ಎಂದು ಗಡಿಯಾರದವನು ಮೇಷ್ಟ್ರನ್ನು ಎಳೆದುಕೊಂಡು ಪರಾರಿಯಾದ.

ಡಾಕ್ಟರು ಹೊಸ ಪಟ್ಟಿ ಕಟ್ಟಿ, ಇನ್ನೊಂದು ವಾರ ಬಿಚ್ಚಬೇಡಿ ಎಂದರು. ಹೆಂಡತಿ ಬೈದ ಬೈಗುಳಕ್ಕೆ ದರ್ಜಿ ಕುಗ್ಗಿ ಗುಂಡಿಯಷ್ಟಾದ. ಅವಳು ಒಳಗೆ ಹೋದ ಮೇಲೆ ಅತ್ತೆ ತಡಕಾಡಿ ಅವನ ಕೈ ಹಿಡಿದರು.

"ಆ ಕತೆ ನಂಗೆ ಬಾಯಿಪಾಠ. ಎಷ್ಟು ಸಲ ಓದಿದ್ರೂ ಅಂಬಿಗ ಮುಳುಗೇ ಹೋಗ್ತಿದ್ದ. ಈಜಿಕೊಂಡು ಮನೆಗೆ ಬಂದಿದ್ದು ಇವತ್ತೇ ಕಣಪ್ಪ."

ದರ್ಜಿ ಇನ್ನೊಂದು ಕೈಯಲ್ಲಿ ಅವರ ದಿಂಬನ್ನು ಸರಿಮಾಡಿದ.

"ಅಂಚು ಕತ್ತರಿಸಿದ್ದೀಯ ಅಂತ ಕೈಗೇ ಗೊತ್ತಾಯ್ತು," ಎಂದರು ಅತ್ತೆ ಮೆಲ್ಲಗೆ. "ಮಂಚದ ಕೆಳಗೆ ಇನ್ನೂ ಒಂದು ಪೆಟ್ಟಿಗೆ ತುಂಬ ಇವೆ, ಎಲ್ಲಾ ಅಳುವ ಕತೆಗಳೇ. ನಾಳೆ ಅಂಗಡಿ ಬಾಗಿಲು ಹಾಕಿ, ಕತ್ತರಿ ತಗೊಂಡು ಬಾ."