ಖಾಲಿ ಬಿದ್ದ ಮೇಲಿನ ಸಾಲು

ಬರೆದುಬಿಡಲೇ? ಬರೆದರೆ ಯಾರ ಗಂಟೇನು ಹೋಗುತ್ತದೆ? ಆದರೆ ಯಾರಾದರೂ ಹಿಡಿದುಬಿಟ್ಟರೆ? ಹಿಡಿಯಲಿ ಅಂತಲೇ ಅಲ್ಲವೇ ಬರೆಯುವುದು?

ಸೀಮೆಸುಣ್ಣ ಹಿಡಿದು ಗ್ರಂಥಾಲಯದ ಬಾಗಿಲಲ್ಲಿ ಹೀಗೆ ಮೀನಮೇಷ ಎಣಿಸುತ್ತಿದ್ದವನನ್ನು ಎಲ್ಲರೂ ಬೋರ್ಡಣ್ಣ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಅಲ್ಲಿನ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆಯುವುದು ಅವನ ಕೆಲಸ. ಮೇಲೆ ಆ ದಿನ ಹುಟ್ಟಿದ ಸಾಹಿತಿಯ ಹೆಸರು, ಕೆಳಗೆ ಆ ದಿನದ ಜಾಗೃತಿ. ತಿಂಗಳ ಪಟ್ಟಿ ಮೇಲಿನ ಕಚೇರಿಯಿಂದ ಬರುತ್ತಿತ್ತು. ಈ ತಿಂಗಳು ಬಾಯಿ-ಹಲ್ಲಿಗೊಂದು ದಿನ, ಗುಬ್ಬಚ್ಚಿಗೊಂದು ದಿನ, ನಿದ್ದೆಗೊಂದು ದಿನ. ಸಾಹಿತಿಗಳಂತೂ ಮಾತಾಡಿಕೊಂಡು ಹುಟ್ಟಿದವರ ಹಾಗೆ ಕೆಲವು ದಿನ ಮೂರು ಮೂರು ಜನ. ಇವತ್ತು ಮಾತ್ರ ಕೆಳಗಿನ ಸಾಲಿಗೆ ಕಿವಿ ಆರೈಕೆಯ ದಿನವಿತ್ತು, ಮೇಲಿನ ಸಾಲಿಗೆ ಏನೂ ಇರಲಿಲ್ಲ.

ಹುಟ್ಟಿದವನು ಒಬ್ಬನಿದ್ದ. ಬೋರ್ಡಣ್ಣನೇ. ಕಾಲೇಜು ಮುಗಿಸಿದ ಹೊಸದರಲ್ಲಿ ‘ನೀರವ’ ಎಂಬ ಹೆಸರಿನಲ್ಲಿ ಅವನದೊಂದು ಕತೆ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಮೇಲೆ ಪತ್ರಿಕೆ ಮುಚ್ಚಿತು. ಅವನ ಬಾಯಿಯೂ ಮುಚ್ಚಿತು. ಅದನ್ನು ಬರೆದವನು ಅವನೆಂದು ಹೆಂಡತಿಗೂ ಗೊತ್ತಿರಲಿಲ್ಲ.

“ಇವತ್ತು ಏನು ದಿನ, ನೆನಪಿದೆ ತಾನೆ?” ಎಂದು ಬೆಳಿಗ್ಗೆ ಅವಳು ಕೇಳಿದಾಗ ಅವನ ಎದೆ ಹಾಲಿನ ಹಾಗೆ ಉಕ್ಕಿತ್ತು.

“ಗ್ಯಾಸ್ ಬರೋ ದಿನ ಕಣ್ರೀ. ಸಂಜೆ ಬೇಗ ಬನ್ನಿ, ಮಹಡಿ ಮೇಲಕ್ಕೆ ಹೊತ್ತು ಹಾಕೋರು ಯಾರು?”

ಉಕ್ಕಿದ್ದೆಲ್ಲ ಅಲ್ಲೇ ಚೆಲ್ಲಿಹೋಯಿತು.

ಹಲಗೆಯನ್ನು ಖಾಲಿ ಬಿಡುವಂತೆಯೂ ಇರಲಿಲ್ಲ. ಹೋದ ತಿಂಗಳು ಒಮ್ಮೆ ಬಿಟ್ಟಿದ್ದಕ್ಕೆ ಗ್ರಂಥಪಾಲಕರು, “ಇನ್ನೊಂದು ಸಲ ಹೀಗಾದ್ರೆ ನೆಲಮಾಳಿಗೇಲಿ ಗೆದ್ದಲು ಕೊಡವೋಕೆ ಹಾಕ್ತೀನಿ, ಜೋಕೆ!” ಎಂದಿದ್ದರು.

ಬೋರ್ಡಣ್ಣ ಬರೆದುಬಿಟ್ಟ. ‘ಇಂದು ಸಾಹಿತಿ ನೀರವ ಅವರ ಜನ್ಮದಿನ.’ ಯಾರಾದರೂ ಒಬ್ಬರು ‘ಯಾರ್ರೀ ಈ ನೀರವ?’ ಎಂದು ಕೇಳಿದರೆ ಸಾಕು, ‘ನಾನೇ’ ಎನ್ನುವುದು. ಇಷ್ಟೇ ಅವನ ಆಸೆ. ಬೀರುವಿನ ಗಾಜಿನೆದುರು ನಿಂತು, ಜಂಬವೂ ಕಾಣಬಾರದು, ಅಳುಕೂ ಕಾಣಬಾರದು ಎಂದು, ಆ ಮಾತನ್ನು ನಾಲ್ಕಾರು ಬಗೆಯಲ್ಲಿ ಆಡಿ ನೋಡಿಕೊಂಡ.

ಮೊದಲು ಬಂದವರು ಪುಕ್ಕಟೆ ಪೇಪರು, ಪುಕ್ಕಟೆ ಫ್ಯಾನು ಎರಡಕ್ಕೂ ಕಾಯಂ ಗಿರಾಕಿಯಾದ ನಿವೃತ್ತ ಮೇಷ್ಟ್ರು. ಹಲಗೆಯ ಮುಂದೆ ನಿಂತರು. ಬೋರ್ಡಣ್ಣ ಗಂಟಲು ಸರಿಮಾಡಿಕೊಂಡ.

“ಓಹೋ, ನೀರವ! ನಮ್ಮವನೇ ಕಣಯ್ಯಾ. ಒಂದೇ ಬೆಂಚಲ್ಲಿ ಕೂತು ಓದಿದೋರು ನಾವು.”

“ನಿಮ್ಮ ಬೆಂಚಲ್ಲೇನಾ ಸಾರ್?” ಮೇಷ್ಟ್ರು ಅವನ ಅಪ್ಪನ ವಯಸ್ಸಿನವರು.

“ಮತ್ತೆ? ಲೆಕ್ಕದಲ್ಲಿ ಶುದ್ಧ ದಡ್ಡ. ನನ್ನದು ನೋಡಿ ಬರೆದೇ ಪಾಸಾಗಿದ್ದು.”

ಬೋರ್ಡಣ್ಣ ಲೆಕ್ಕದಲ್ಲಿ ದಡ್ಡನಾಗಿದ್ದುದು ನಿಜವೇ.

ಅಷ್ಟರಲ್ಲಿ ಗ್ರಂಥಪಾಲಕರು ಬಂದರು. “ನೀರವ! ಅವರನ್ನ ಓದದೇ ಇರೋರು ಇದ್ದಾರೇನ್ರೀ? ಅವರ ಮೂರು ಕಾದಂಬರಿ ನಾನೇ ತರಿಸಿದ್ದೆ. ಮಧ್ಯಾಹ್ನ ಕಿವಿ ಡಾಕ್ಟರು ಭಾಷಣಕ್ಕೆ ಬರ್ತಾರಲ್ಲ, ಹಾಗೇ ಸಾಹಿತಿಗಳ ಬಗ್ಗೇನೂ ಎರಡು ಮಾತು ಆಗಲಿ. ಆ ಕಾದಂಬರಿಗಳನ್ನ ಹುಡುಕಿ ಮೇಜಿನ ಮೇಲಿಡಿ.”

ತಾನು ಬರೆಯದೇ ಇದ್ದ ಮೂರು ಕಾದಂಬರಿಗಳನ್ನು ಹುಡುಕುತ್ತ ಬೋರ್ಡಣ್ಣ ಊಟದ ಹೊತ್ತಿನವರೆಗೂ ಏಣಿ ಹತ್ತಿಳಿದ. ಒಂದೊಂದು ಕಪಾಟು ತೆಗೆದಾಗಲೂ, ಬರೆದಿದ್ದರೆ ಇಲ್ಲಿರುತ್ತಿದ್ದವೇನೋ ಅನ್ನಿಸಿ ಮೂಗಿಗೆ ಧೂಳಿನ ಜೊತೆ ಇನ್ನೇನೋ ಅಡರಿತು.

ಬರಿಗೈಯಲ್ಲಿ ಇಳಿದು ಬಂದಾಗ ಮೇಷ್ಟ್ರ ಸುತ್ತ ಜನ ಸೇರಿತ್ತು. ಯಾವತ್ತೂ ಯಾರೂ ಮಾತಾಡಿಸದ ಮನುಷ್ಯ. ಇವತ್ತು ಅವರ ಮುಖ ಬೆಳಗುತ್ತಿತ್ತು.

“ಅವನು ಇದ್ದಿದ್ರೆ ಇವತ್ತು ಎಷ್ಟು ಖುಷಿ ಪಡ್ತಿದ್ನೋ.”

“ಇದ್ದಿದ್ರೆ ಅಂದ್ರೆ?” ಎಂದರು ಗ್ರಂಥಪಾಲಕರು.

“ಹೋಗಿ ಎಷ್ಟೋ ಕಾಲ ಆಯ್ತಲ್ಲ! ಕೊನೇ ಗಳಿಗೇಲಿ ನನ್ನ ಕೈ ಹಿಡ್ಕೊಂಡಿದ್ದ.”

ಗ್ರಂಥಪಾಲಕರು ಗರಂ ಆದರು. “ಏನ್ರೀ ಬೋರ್ಡಣ್ಣ, ಸತ್ತವರ ಹೆಸರಿನ ಹಿಂದೆ ದಿವಂಗತ ಅಂತ ಹಾಕ್ಬೇಕು ಅನ್ನೋದೂ ತಿಳೀದಾ?”

“ಸಾರ್, ಅವರು ಸತ್ತಿಲ್ಲ ಅನ್ಸುತ್ತೆ…”

“ನಿಮಗೆ ಜಾಸ್ತಿ ಗೊತ್ತೋ, ಕೈ ಹಿಡ್ಕೊಂಡೋರಿಗೋ?”

ಬೋರ್ಡಣ್ಣ ಬಾಗಿಲಿಗೆ ಹೋಗಿ, ತನ್ನ ಹೆಸರಿನ ಹಿಂದೆ ತನ್ನ ಕೈಯಾರೆ, ಅಕ್ಷರ ಸೊಟ್ಟಗಾಗದ ಹಾಗೆ, ‘ದಿವಂಗತ’ ಎಂದು ಬರೆದು ಬಂದ.

ಇನ್ನು ಭಾವಚಿತ್ರ ಬೇಕಲ್ಲ. ಉಗ್ರಾಣದಿಂದ ತಂದ ಹಳೆಯ ಫೋಟೋ ಒಂದರ ಮೇಲೆ ಬೆರಳಿಟ್ಟು ಮೇಷ್ಟ್ರು, “ಇವನೇ!” ಎಂದರು. ಅದು ಗ್ರಂಥಾಲಯಕ್ಕೆ ಬೀರು ಮಾಡಿಕೊಟ್ಟ ಬಡಗಿ. ಸಾಹಿತಿಗಿಂತ ಗತ್ತಿನ ಮುಖ.

ಡಾಕ್ಟರಮ್ಮ ಕಿವಿಗೆ ಕಡ್ಡಿ ಹಾಕಬೇಡಿ ಎಂದು ಹೇಳಿ ಮುಗಿಸಿದ ಮೇಲೆ ಎಲ್ಲರೂ ಬಡಗಿಯ ಮುಂದೆ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರು. ಹಿಂದಿನ ಸಾಲಿನಲ್ಲಿ ಬೋರ್ಡಣ್ಣನೂ ತಲೆ ತಗ್ಗಿಸಿ ನಿಂತಿದ್ದ. ತನ್ನ ಹುಟ್ಟಿದ ದಿನಕ್ಕೆ ಇಷ್ಟು ಜನ ಸೇರಿದ್ದು ಇದೇ ಮೊದಲು.

ಗ್ರಂಥಪಾಲಕರು ಅವನ ಬೆನ್ನು ತಟ್ಟಿದರು. “ಪ್ರತಿ ವರ್ಷ ಇವತ್ತು ಇವರದ್ದೇ ಹಾಕಿ. ಹಾಂ, ಮುಂದಿನ ತಿಂಗಳ ಪಟ್ಟೀಲೂ ಒಂದು ದಿನ ಖಾಲಿ ಇದೆಯಂತೆ. ಮೇಷ್ಟ್ರೇ, ಹನ್ನೊಂದನೇ ತಾರೀಕು. ಅವರು ತೀರಿಕೊಂಡಿದ್ದು ಅವತ್ತೇನಾದ್ರೂ…?”

ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿದರು. “ಅವತ್ತೇ. ಮೋಡ ಕವಿದಿತ್ತು.”

ಪುಣ್ಯತಿಥಿಯೂ ಗೊತ್ತಾಯಿತು. ಬೋರ್ಡಣ್ಣ ಟೀ ಲೋಟಗಳನ್ನು ಎತ್ತತೊಡಗಿದ. ಎಲ್ಲರೂ ಚದುರಿದರೂ ಡಾಕ್ಟರಮ್ಮ ಮಾತ್ರ ಫೋಟೋದ ಮುಂದೆಯೇ ನಿಂತಿದ್ದರು.

“ಇವರದ್ದೊಂದೇ ಕತೆ ನಾನು ಓದಿರೋದು,” ಎಂದರು. “ಬಸ್ಸಲ್ಲಿ ಒಬ್ಬಳು ಕೊಡೆ ಮರೆತು ಇಳೀತಾಳೆ. ಪಕ್ಕದಲ್ಲಿ ಕೂತೋನು ನೋಡ್ತಾನೆ, ಕೂಗೋದೇ ಇಲ್ಲ. ಶಾಲೇಲಿದ್ದಾಗ ಓದಿದ್ದು, ಇವತ್ತಿಗೂ ಬಿಟ್ಟಿಲ್ಲ ನನ್ನ. ಪತ್ರಿಕೆಗೆ ಕಾಗದ ಬರೆದೆ, ಅಷ್ಟರಲ್ಲಿ ಅದು ನಿಂತೇಹೋಗಿತ್ತು. ಬದುಕಿದ್ದಿದ್ರೆ ಕೇಳ್ತಿದ್ದೆ, ಅವನು ಯಾಕೆ ಬಾಯಿ ಬಿಡಲಿಲ್ಲ ಅಂತ.”

ಬೋರ್ಡಣ್ಣ ಎತ್ತಿದ್ದ ಲೋಟಗಳನ್ನು ಮತ್ತೆ ಮೇಜಿನ ಮೇಲಿಟ್ಟ. ಕತೆ ಬರೆದಾಗ ಅವನಿಗೂ ಉತ್ತರ ತಿಳಿದಿರಲಿಲ್ಲ.

ಅವರು ತಿರುಗಿ, ದಿನಾ ಕಿವುಡರ ಜೊತೆ ಮಾತಾಡಿ ರೂಢಿಯಾದವರಂತೆ, ಅವನ ಮುಖವನ್ನೇ ನೋಡುತ್ತ ನಿಧಾನವಾಗಿ ಕೇಳಿದರು: “ಯಾರ್ರೀ ಈ ನೀರವ? ನಿಮಗೆ ಪರಿಚಯ ಇತ್ತಾ?”

ಬಾಗಿಲ ಬಳಿ ಮೇಷ್ಟ್ರು ಯಾರಿಗೋ ಆ ಕೊನೇ ಗಳಿಗೆಯ ಕತೆಯನ್ನು ಮತ್ತೆ ಹೇಳುತ್ತಿದ್ದರು. ಈಗ ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಗ್ರಂಥಪಾಲಕರು ಮುಂದಿನ ತಿಂಗಳ ಪಟ್ಟಿ ಹಿಡಿದು ಇತ್ತಲೇ ಬರುತ್ತಿದ್ದರು.

“ಇಲ್ಲ ಮೇಡಂ. ಇನ್ನೊಂದು ಲೋಟ ಟೀ ತರಲಾ?”

ಅವರು ಬೇಡವೆಂದು ತಲೆಯಾಡಿಸಿ ಹೊರಟುಹೋದರು. ಬೋರ್ಡಣ್ಣ ಲೋಟ ತೊಳೆದಿಟ್ಟು, ಹಲಗೆ ಒರೆಸಿ, ಗ್ಯಾಸ್ ಹೊತ್ತು ಹಾಕಲು ಮನೆಗೆ ನಡೆದ.