ತಂಪಣ್ಣನ ಎರಡು ಹಾಳೆ

ಬಸ್ ಕಂಪನಿಯ ಮ್ಯಾನೇಜರು ತಂಪಣ್ಣನನ್ನು ಎಲ್ಲರ ಮುಂದೆ ಹೊಗಳಿದ್ದೇ ಈ ಎಲ್ಲ ಅನಾಹುತಕ್ಕೆ ಮೂಲ.

ತಂಪಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಡಿಪೋದವರು ಕಟ್ಟಿದ್ದು. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳ ಕೋಣೆಗೆ ಹತ್ತೊಂಬತ್ತು ವರ್ಷಗಳಿಂದ ಅವನೇ ಒಡೆಯ. ಸಿಕ್ಕಿದ್ದಕ್ಕೆ ದಾರದಲ್ಲಿ ಚೀಟಿ ಕಟ್ಟಿ, ದಪ್ಪ ಪುಸ್ತಕದಲ್ಲಿ ಬರೆದು, ಕಪಾಟಿನಲ್ಲಿ ಇಡುವುದು ಅವನ ಕೆಲಸ. ಕಳೆದುಕೊಂಡವರು ಎಷ್ಟೇ ಕೂಗಾಡುತ್ತ ಬರಲಿ, "ಗಾಬರಿ ಆಗ್ಬೇಡಿ, ಕೂತ್ಕೊಳ್ಳಿ. ನಿಧಾನಕ್ಕೆ ಗುರುತು ಹೇಳಿ" ಎನ್ನುತ್ತಿದ್ದ. ಗುರುತು ಹೇಳದೆ ಒಂದು ಕರ್ಚೀಫೂ ಅಲ್ಲಿಂದ ಆಚೆ ಹೋದದ್ದಿಲ್ಲ. ಟಿಕೆಟ್ ಕೌಂಟರಿನ ಮೇಡಂ ಕೂಡ ಒಮ್ಮೆ ಕೊಡೆ ಕೇಳಲು ಬಂದು, ಹಿಡಿಕೆಯ ಬಣ್ಣ ತಪ್ಪು ಹೇಳಿ, ಬರಿಗೈಯಲ್ಲಿ ವಾಪಸಾಗಿದ್ದರು. ಅವನ ತಾಳ್ಮೆಯ ಗುಟ್ಟು ಇಷ್ಟೆ: ಅಲ್ಲಿ ಕಳೆದುಹೋದದ್ದು ಯಾವುದೂ ಅವನದಾಗಿರಲಿಲ್ಲ.

ಆ ಗುಟ್ಟು ಮ್ಯಾನೇಜರಿಗೆ ಗೊತ್ತಿರಲಿಲ್ಲ. ಎಲ್ಲರ ಮುಂದೆ ಹೊಗಳಿದ ಮೇಲೆ ಅವನ ಕೋಣೆಗೇ ಬಂದು, "ಡ್ರೈವರ್‌ಗಳಿಗೆ ಟೆನ್ಷನ್ ಜಾಸ್ತಿಯಾಗಿದೆ ಕಣಯ್ಯಾ. ಶನಿವಾರ ಹನ್ನೊಂದಕ್ಕೆ ನೀನೇ ಒಂದು ಭಾಷಣ ಮಾಡು, ಒತ್ತಡ ಇಲ್ಲದೆ ಬದುಕೋದು ಹೇಗೆ ಅಂತ" ಎಂದರು. ಹೊರಟವರು ಬಾಗಿಲಲ್ಲಿ ನಿಂತು, "ಅಂದಹಾಗೆ, ನಿನ್ನ ಕೋಣೆ ಬೇಕು ಅಂತ ಕೌಂಟರ್ ಮೇಡಂ ಅರ್ಜಿ ಹಾಕಿದಾರೆ. ಭಾಷಣ ಚೆನ್ನಾಗಾಗ್ಲಿ, ಆ ಅರ್ಜಿ ನಾನು ನೋಡ್ಕೋತೀನಿ" ಎಂದು ಸೇರಿಸಿದರು.

ತಂಪಣ್ಣನ ತಣ್ಣಗಿನ ಬದುಕು ಅಲ್ಲಿಗೆ ಮುಗಿಯಿತು. ಆ ಕೋಣೆ, ಆ ಕಿಟಕಿ, ಕೊಡೆಗಳ ಸಾಲು ಬಿಟ್ಟು ಬೇರೆಡೆ ಬದುಕುವುದು ಅವನಿಗೆ ಗೊತ್ತೇ ಇರಲಿಲ್ಲ, ಪಾಪ. ಕೂತು ಎರಡು ಹಾಳೆ ಬರೆದ. 'ಗೆಳೆಯರೇ, ಮನಸ್ಸು ತಣ್ಣಗಿದ್ದರೆ ಯಾವುದೂ ಮರೆತುಹೋಗುವುದಿಲ್ಲ' ಎಂಬ ಮೊದಲ ಸಾಲನ್ನು ವಾರವಿಡೀ ಒಪ್ಪಿಸಿದ. ಕೇಳಿ ಕೇಳಿ ಹೆಂಡತಿಗೂ ಅದು ಬಾಯಿಪಾಠವಾಯಿತು.

ಶನಿವಾರ ಬೆಳಗ್ಗೆ ಅವನು ಚಹಾಕ್ಕೆ ಉಪ್ಪು ಹಾಕಿಕೊಂಡ.

"ರೀ, ಅದು ಉಪ್ಪು" ಎಂದಳು ಹೆಂಡತಿ.

"ಗೊತ್ತು ನಂಗೆ" ಎಂದು ಗದರಿ, ಅಷ್ಟನ್ನೂ ಕುಡಿದ. ಹೆಂಡತಿ ಕಣ್ಣರಳಿಸಿ ನೋಡಿದಳು. ಮದುವೆಯಾದಂದಿನಿಂದ ಅವನು ಗದರಿದ್ದು ಅದೇ ಮೊದಲು.

ದನಿ ಕೇಳಿ ಪಕ್ಕದ ಮನೆಯ ನಿವೃತ್ತ ಕಂಪೌಂಡರು ಬಂದರು. ಕರೆಯದೆ ಬರುವುದು ಅವರ ಅಭ್ಯಾಸ. ನಾಡಿ ಹಿಡಿದು, "ನೂರಾ ಹನ್ನೆರಡು. ಹೆದರ್ಬೇಡಿ. ಎದುರಿಗೆ ಸಿಂಹ ಬಂದ್ರೆ ಎಲ್ಲರಿಗೂ ಹೀಗೇ. ದೇಹ ಓಡೋಕೆ ಸಿದ್ಧ ಆಗುತ್ತೆ. ರಕ್ತ ಕಾಲಿಗೆ ನುಗ್ಗುತ್ತೆ, ಹೊಟ್ಟೆ ಕೆಲಸ ನಿಲ್ಲಿಸುತ್ತೆ, ಬಾಯಿ ಒಣಗುತ್ತೆ, ಜ್ಞಾಪಕ ಕೈ ಕೊಡುತ್ತೆ" ಎಂದರು.

"ಆಮೇಲೆ?"

"ಸಿಂಹ ಹೋದ್ಮೇಲೆ ಎಲ್ಲ ಸರಿಹೋಗುತ್ತೆ."

ತಂಪಣ್ಣನ ಸಿಂಹ ಬರುವುದಕ್ಕೆ ಇನ್ನೂ ಎರಡೂವರೆ ಗಂಟೆ ಬಾಕಿಯಿತ್ತು.

ಡಿಪೋಕ್ಕೆ ಹೋದವನು ಕೋಣೆಯಲ್ಲಿ ಕೂತು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡ. ಓದಲು ಶುರುಮಾಡುವಷ್ಟರಲ್ಲಿ ಕಂಡಕ್ಟರೊಬ್ಬ ಒಂದು ಟಿಫಿನ್ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ ತಂದು ಸುರಿದುಹೋದ. ತಲೆ ಎಲ್ಲೋ ಇದ್ದರೂ ಕೈ ಹತ್ತೊಂಬತ್ತು ವರ್ಷದ ರೂಢಿಯಂತೆ ನಡೆಯಿತು. ಮೇಜಿನ ಮೇಲಿದ್ದದ್ದಕ್ಕೆಲ್ಲ ಚೀಟಿ ಕಟ್ಟಿ, ಪುಸ್ತಕದಲ್ಲಿ ಬರೆದು, ಕಪಾಟಿಗೆ ತಳ್ಳಿ, ಅವನು ಸಭೆಗೆ ಓಡಿದ.

ಮೈಕಿನ ಮುಂದೆ ನಿಂತು ಜೇಬಿಗೆ ಕೈ ಹಾಕಿದರೆ ಹಾಳೆಗಳಿಲ್ಲ. ಇನ್ನೊಂದು ಜೇಬಿನಲ್ಲೂ ಇಲ್ಲ. ಮೊದಲ ಸಾಲಾದರೂ ಬರುತ್ತದೆಂದು ಬಾಯಿ ತೆರೆದ. "ಗೆಳೆಯರೇ" ಎಂಬುದೂ ಬರಲಿಲ್ಲ. ಬೆವರು ಇಳಿಯಿತು. ನೀರು ಕುಡಿಯಹೋದರೆ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಹಿಂದೆ ಯಾರೋ ಕಿಸಕ್ಕೆಂದರು.

"ನಗೋದೇನಿದೆ ಇದ್ರಲ್ಲಿ? ಇಲ್ಲಿ ನಿಂತವರ ಕಷ್ಟ ನಿಮಗೇನು ಗೊತ್ತು?" ಎಂದು ತಂಪಣ್ಣ ಕಿರುಚಿದ. ಕಿರುಚಿ ತಾನೇ ಬೆಚ್ಚಿಬಿದ್ದು, ಮ್ಯಾನೇಜರ ಕುರ್ಚಿಯಲ್ಲಿ ಕುಸಿದು ಕುಳಿತ.

ಸಭೆಯಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರು ಮೆಲ್ಲಗೆ ಎದ್ದ. "ನಾನು ಮನೇಲಿ ಹೀಗೇ ಆಡ್ತೀನಿ. ಮಕ್ಕಳ ಮೇಲೆ ಹೀಗೇ ರೇಗ್ತೀನಿ. ನೋಡೋರಿಗೆ ಹೇಗೆ ಕಾಣುತ್ತೆ ಅಂತ ಇವತ್ತು ಗೊತ್ತಾಯ್ತು. ಅಣ್ಣ ನಮ್ಮ ಕಣ್ಣು ತೆರೆಸಿದ" ಎಂದು ಕೈ ಮುಗಿದ. ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು.

ಮ್ಯಾನೇಜರು ಅವನನ್ನು ತಬ್ಬಿಕೊಂಡರು. "ಏನು ನಟನೆ ಮಾರಾಯ. ನೀನು ಆ ಕತ್ತಲೆ ಕೋಣೇಲಿ ಕೊಳೀಬಾರದು. ಸೋಮವಾರದಿಂದ ಹದಿನಾಲ್ಕು ಡಿಪೋಗೂ ಹೋಗಿ ಇದನ್ನೇ ಮಾಡು. ಕೋಣೆ ಮೇಡಂ ನೋಡ್ಕೋತಾರೆ, ಆಗ್ಲೇ ಕಳಿಸಿದೀನಿ. ಬರೆದ ಭಾಷಣ ಮಾತ್ರ ಈಗ್ಲೇ ತಂದ್ಕೊಡು, ಮೇಲಿನವರಿಗೆ ತೋರಿಸ್ಬೇಕು."

ಹಾಳೆ ಎಲ್ಲಿ ಹೋಯಿತೆಂದು ತಂಪಣ್ಣನಿಗೆ ಆಗ ಹೊಳೆಯಿತು. ಕೋಣೆಗೆ ಓಡಿದ. ಅವನ ಕುರ್ಚಿಯಲ್ಲಿ ಮೇಡಂ ಕೂತಿದ್ದರು. ಅಂದು ಅವನು ಕೊಡದೆ ಕಳಿಸಿದ್ದ ಅವರ ಕೊಡೆ ಮೇಜಿಗೆ ಒರಗಿತ್ತು, ಹಸಿರು ಹಿಡಿಕೆಯದು.

"ಮೇಡಂ, ಎರಡು ಹಾಳೆ, ಕೈಬರಹದ್ದು, ನನ್ನದೇ. ಬೇಗ ಕೊಡಿ" ಎಂದು ಏದುಸಿರುಬಿಟ್ಟ.

ಮೇಡಂ ಪುಸ್ತಕ ತೆರೆದು ಅವನದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. "ನಂಬರ್ ನಾನ್ನೂರ ಹನ್ನೆರಡು. ಬರೆದ ಹಾಳೆ, ಎರಡು. ಯಾರದೆಂದು ತಿಳಿಯದು." ಆಮೇಲೆ ಕಪಾಟಿನಿಂದ ಹಾಳೆಗಳನ್ನು ತೆಗೆದು, ತಮ್ಮ ಕಡೆಗೆ ತಿರುಗಿಸಿ ಹಿಡಿದು, ಎದುರಿನ ಸ್ಟೂಲು ತೋರಿಸಿದರು.

"ಗಾಬರಿ ಆಗ್ಬೇಡಿ, ಕೂತ್ಕೊಳ್ಳಿ. ನಿಧಾನಕ್ಕೆ ಗುರುತು ಹೇಳಿ. ಮೊದಲನೇ ಸಾಲು ಏನು?"

ತಂಪಣ್ಣ ಕೂತ. ಬಾಯಿ ತೆರೆದ. ಎಷ್ಟು ಹೊತ್ತಾದರೂ ತೆರೆದೇ ಇತ್ತು.